ಏರುವುದಕ್ಕಲ್ಲ, ಇಳಿಯುವುದಕ್ಕೆ ಡೀಸೆಲ್

ಅಮೆರಿಕದಲ್ಲಿರುವ ಓದುಗರಿಂದ, ಅದರಲ್ಲೂ ನಿವೃತ್ತಿಯ ಹೊಸ್ತಿಲಲ್ಲಿ ನಿಂತವರಿಂದ, ಈಚೆಗೆ ಪದೇ ಪದೇ ಬರುವ ಪ್ರಶ್ನೆ ಒಂದಿದೆ. "ಮಕ್ಕಳು ಅವರವರ ದಾರಿ ಹಿಡಿದಾಯ್ತು. ಒಂದು ಮೋಟರ್‌ಹೋಮ್ ತಗೊಂಡು ದೇಶ ಸುತ್ತೋಣ ಅಂದುಕೊಂಡಿದ್ದೀವಿ. ಹಿಂದೆ ಕಾರನ್ನೂ ಎಳ್ಕೊಂಡು ಹೋಗಬೇಕು. ಪೆಟ್ರೋಲ್ ಗಾಡಿ ಸಾಕಾ, ಡೀಸೆಲ್ಲೇ ಬೇಕಾ ಸಾರ್?" ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ಜೇಬಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಎಳೆಯಲು ಶಕ್ತಿ ಬೇಕು, ಶಕ್ತಿ ಎಂದರೆ ಡೀಸೆಲ್, ಆದ್ದರಿಂದ ಡೀಸೆಲ್. ಉತ್ತರ ತಪ್ಪೇನಲ್ಲ, ಕೊಡುವ ಕಾರಣ ಮಾತ್ರ ಅರ್ಧಂಬರ್ಧ.

ಊರಲ್ಲಿ ಕೂತು ಓದುತ್ತಿರುವವರಿಗೆ ಮನೆಯಂಥ ಬಸ್ಸೇ ಇದ್ದಮೇಲೆ ಅದರ ಬೆನ್ನಿಗೆ ಕಾರೇಕೆ ಎನ್ನಿಸಬಹುದು. ನಲವತ್ತು ಅಡಿಯ ಗಾಡಿಯನ್ನು ಕ್ಯಾಂಪ್‌ಗ್ರೌಂಡಿನಲ್ಲಿ ಮಟ್ಟಸವಾಗಿ ನಿಲ್ಲಿಸಿ, ನೀರಿನ ಪೈಪು, ಕರೆಂಟಿನ ಕೇಬಲ್ಲು, ಕೊಳಚೆ ಪೈಪು ಜೋಡಿಸಿ, ಪಕ್ಕದ ಗೋಡೆಗಳನ್ನು ಹೊರಕ್ಕೆ ಸರಿಸಿ ಕೂತಮೇಲೆ ಹಾಲು ತರುವುದಕ್ಕೆಂದು ಅಷ್ಟನ್ನೂ ಕಿತ್ತು ಹೊರಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹೊರಟರೂ ಎಲ್ಲ ಕಡೆ ಬಿಡುವುದಿಲ್ಲ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರು ನೋಡಲೇಬೇಕಾದದ್ದು ಗೋಯಿಂಗ್-ಟು-ದ-ಸನ್ ರಸ್ತೆ. ಅದರ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವೇ ಇಲ್ಲ. ಹಾಗಾಗಿ ದೊಡ್ಡ ಗಾಡಿ ಮಲಗಲಿಕ್ಕೆ, ಚಿಕ್ಕದು ತಿರುಗಾಡಲಿಕ್ಕೆ.

ದೊಡ್ಡ ಡೀಸೆಲ್ ಮೋಟರ್‌ಹೋಮಿಗೆ ಇಲ್ಲಿ ಡೀಸೆಲ್ ಪುಷರ್ ಎನ್ನುತ್ತಾರೆ. ನಮ್ಮ ಐರಾವತ ಬಸ್ಸಿನ ಹಾಗೆ ಎಂಜಿನ್ ಹಿಂದುಗಡೆ ಇರುತ್ತದೆ; ಅದರ ಮುಚ್ಚಳ ಎಲ್ಲಿ ಎಂದು ಹುಡುಕಿದರೆ ಎಷ್ಟೋ ಗಾಡಿಗಳಲ್ಲಿ ಮಲಗುವ ಮಂಚದ ಕೆಳಗೆ ಸಿಗುತ್ತದೆ. ಸಾಮಾನ್ಯವಾಗಿ ಎಂಜಿನ್ ಕಮಿನ್ಸ್, ಗೇರ್‌ಬಾಕ್ಸ್ ಆ್ಯಲಿಸನ್, ಚಾಸಿ ಫ್ರೈಟ್‌ಲೈನರ್ ಅಥವಾ ಸ್ಪಾರ್ಟನ್. ಆ ಚಾಸಿಯ ಮೇಲೆ ಮನೆ ಕಟ್ಟುವವರು ಬೇರೆ, ಅವರಲ್ಲಿ ಬಹಳ ಮಂದಿ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನವರು. ಹೀಗೆ ಎರಡು ಕೈಯಲ್ಲಿ ತಯಾರಾದ ವಸ್ತುವಾದ್ದರಿಂದ ರಿಪೇರಿಯೂ ಎರಡು ಕಡೆ. ಎಂಜಿನ್, ಬ್ರೇಕು, ಗಾಳಿಯ ವಿಷಯಕ್ಕೆ ಲಾರಿ ಗ್ಯಾರೇಜು. ಫ್ರಿಜ್ಜು, ನಲ್ಲಿ, ಸರಿಯುವ ಗೋಡೆಗೆ ಆರ್‌ವಿ, ಅಂದರೆ ಮೋಟರ್‌ಹೋಮ್ ಗ್ಯಾರೇಜು. ಇವರಿಬ್ಬರ ನಡುವೆ ಅಲೆದಾಡುವುದು ಒಡೆತನದ ಒಂದು ಭಾಗ ಎಂದು ಮೊದಲೇ ಒಪ್ಪಿಕೊಂಡರೆ ಮನಸ್ಸಿಗೆ ಒಳ್ಳೆಯದು.

ಶಕ್ತಿಯ ಮಾತಿಗೆ ಬರೋಣ. ದೊಡ್ಡ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಬಹುಪಾಲು ಫೋರ್ಡ್ ಎಫ್-53 ಚಾಸಿಯವು, ಈಗಿನವುಗಳಲ್ಲಿ 7.3 ಲೀಟರಿನ ವಿ8 ಎಂಜಿನ್. ಅದರ ಹಾರ್ಸ್‌ಪವರ್ 350ರ ಆಸುಪಾಸು. ಕಮಿನ್ಸ್‌ನ 6.7 ಲೀಟರ್ ಡೀಸೆಲ್ಲಿನ ಒಂದು ಸಾಮಾನ್ಯ ನಮೂನೆಯದು 360. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ಚಕ್ರ ತಿರುಗಿಸುವ ಬಲ, ಅಂದರೆ ಟಾರ್ಕ್, ಮೊದಲನೆಯದರಲ್ಲಿ 468 ಪೌಂಡ್-ಅಡಿ, ಎರಡನೆಯದರಲ್ಲಿ 800. ಅದೂ ಎಂಜಿನ್ ಅರಚದೆ, ಕಡಿಮೆ ಸುತ್ತಿನಲ್ಲೇ ಸಿಗುವಂಥದ್ದು. ಎತ್ತರದ ಜಾಗದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ. 3ರಷ್ಟು ಬಲ ಕಳೆದುಕೊಳ್ಳುತ್ತದೆ. ಕೊಲರಾಡೊದಲ್ಲಿ ಐ-70 ಹೆದ್ದಾರಿ ಹಾದುಹೋಗುವ ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ. ಅಲ್ಲಿಗೆ ತಲುಪುವಾಗ ಪೆಟ್ರೋಲ್ ಗಾಡಿಯ ಮೂರನೇ ಒಂದು ಭಾಗ ಬಲ ಗಾಳಿಗೆ ಹೋಗಿರುತ್ತದೆ. ಟರ್ಬೊ ಇರುವ ಡೀಸೆಲ್ಲಿಗೆ ಗಾಳಿ ತೆಳುವಾಗಿದೆ ಎಂಬುದು ಅಷ್ಟಾಗಿ ತಟ್ಟುವುದಿಲ್ಲ.

ಇಷ್ಟನ್ನೂ ಒಪ್ಪಿದಮೇಲೂ ನನ್ನ ಲೆಕ್ಕದಲ್ಲಿ ಇದು ಡೀಸೆಲ್ ಕೊಳ್ಳಲು ಸಾಕಾಗುವ ಕಾರಣವಲ್ಲ. ಏರು ಹತ್ತುವಾಗ ಬಲ ಸಾಲದಿದ್ದರೆ ಆಗುವುದಿಷ್ಟೇ: ಬಲಗಡೆಯ ಲೇನಿನಲ್ಲಿ, ಲಾರಿಗಳ ಹಿಂದೆ, ಗಂಟೆಗೆ 35 ಮೈಲಿಯಲ್ಲಿ ಹೋಗುತ್ತೀರಿ. ಹತ್ತು ನಿಮಿಷ ತಡವಾಗುತ್ತದೆ. ನಿವೃತ್ತರಿಗೆ ಹತ್ತು ನಿಮಿಷದ ಅವಸರವೇನು? ಮಾನ ಹೋಗಬಹುದು, ಪ್ರಾಣ ಹೋಗುವುದಿಲ್ಲ.

ಇಳಿಯುವಾಗ ಹಾಗಲ್ಲ. ಅದೇ ಸುರಂಗ ದಾಟಿ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಇಳಿಯುವಾಗ ಇಳಿಜಾರು ಶೇ. 7ರವರೆಗೆ ಇದೆ, ನೂರು ಅಡಿ ಮುಂದೆ ಹೋದರೆ ಏಳು ಅಡಿ ಕೆಳಗೆ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕಕ್ಕೆ ಜಲ್ಲಿ ತುಂಬಿದ ಓಣಿಗಳನ್ನೂ ಮಾಡಿಟ್ಟಿದ್ದಾರೆ. ಮೂವತ್ತು ಸಾವಿರ ಪೌಂಡಿನ, ಅಂದರೆ ಹದಿಮೂರೂವರೆ ಟನ್ನಿನ ಮನೆ, ಅದರ ಹಿಂದೆ ಎರಡು ಟನ್ನಿನ ಕಾರು. ಬರೀ ಪೆಡಲು ಒತ್ತಿ ಹಿಡಿದು ಇಳಿದರೆ ಬ್ರೇಕು ಕಾಯುತ್ತದೆ, ಕಾದಮೇಲೆ ಹಿಡಿತ ಬಿಡುತ್ತದೆ. ಚಾರ್ಮಾಡಿ, ಶಿರಾಡಿಯಲ್ಲಿ ಲೋಡಿನ ಲಾರಿ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡೀಸೆಲ್ ಪುಷರ್ ತನ್ನ ದುಡ್ಡಿನ ಬೆಲೆ ತೋರಿಸುವುದು ಇಲ್ಲಿ. ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ, ಎಕ್ಸಾಸ್ಟ್ ಬ್ರೇಕಿನದು. ಅದನ್ನು ಹಾಕಿ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಟರ್ಬೊದ ಒಳಗಿನ ರೆಕ್ಕೆಗಳು ಕಿರಿದಾಗಿ ಹೊಗೆ ಹೊರಹೋಗುವ ದಾರಿಯನ್ನು ಬಿಗಿಯುತ್ತವೆ. ಹೊರಗೆ ಹೋಗಲಾರದ ಗಾಳಿಯ ಒತ್ತಡಕ್ಕೆ ಎದುರಾಗಿ ಪಿಸ್ಟನ್ನುಗಳು ಹೆಣಗಬೇಕಾಗುತ್ತದೆ. ಅಷ್ಟು ಹೊತ್ತು ತಳ್ಳುತ್ತಿದ್ದ ಎಂಜಿನ್ನೇ ತಡೆಯುವ ಯಂತ್ರವಾಗುತ್ತದೆ. ಜತೆಗೆ ಆ್ಯಲಿಸನ್ ಗೇರ್‌ಬಾಕ್ಸ್ ತಾನಾಗಿಯೇ ಗೇರು ಇಳಿಸುತ್ತಾ ಬರುತ್ತದೆ. ಆರನೇ ಗೇರು ಐದಾಗಿ, ಐದು ನಾಲ್ಕಾಗಿ, ಹಿಂದಿನಿಂದ ಒಂದು ಗುಂಯ್ ಎನ್ನುವ ಸದ್ದು ಏರುತ್ತಾ, ವೇಗದ ಮುಳ್ಳು ಮೆಲ್ಲಗೆ ಕೆಳಗೆ ಸರಿಯುತ್ತದೆ. ಬ್ರೇಕಿನ ಪೆಡಲನ್ನು ಆಗಾಗ ಮುಟ್ಟಿ ಬಿಟ್ಟರೆ ಸಾಕು. ಇನ್ನೂ ದೊಡ್ಡ ಎಂಜಿನ್ನುಗಳಲ್ಲಿ ಕಂಪ್ರೆಷನ್ ಬ್ರೇಕ್ ಇರುತ್ತದೆ. ಸಿಲಿಂಡರಿನಲ್ಲಿ ಗಾಳಿ ಪೂರ್ತಿ ಅದುಮಿದ ಹೊತ್ತಿಗೆ ವಾಲ್ವ್ ತೆರೆದು ಅದನ್ನು ಬಿಟ್ಟುಬಿಡುತ್ತದೆ. ಲಾರಿಗಳು ಇಳಿಜಾರಿನಲ್ಲಿ ಗಟ್ಟಿಯಾಗಿ ಪಟಪಟನೆ ಸದ್ದು ಮಾಡುವುದು ಇದರಿಂದಲೇ. ಕೆಲವು ಊರುಗಳ ಬಾಗಿಲಲ್ಲಿ ಎಂಜಿನ್ ಬ್ರೇಕ್ ಹಾಕಬೇಡಿ ಎಂಬ ಬೋರ್ಡು ಇರುವುದೂ ಇದಕ್ಕೇ. ಪೆಟ್ರೋಲ್ ಗಾಡಿಯೂ ಗೇರು ಇಳಿಸಿ ತಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಎಂಜಿನ್ ಕಿರುಚುತ್ತದೆ, ಪಕ್ಕದಲ್ಲಿ ಕೂತವರು ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಾರೆ.

ಎಷ್ಟು ಎಳೆಯಬಹುದು ಎಂಬುದಕ್ಕೆ ಮಾರುವವರ ಬಾಯಿಮಾತು ನಂಬಬೇಡಿ. ನಾವು ಗಾಡಿ ನೋಡಲು ಹೋದ ಒಂದು ಶೋರೂಮಿನಲ್ಲಿ "ಇದು ಏನನ್ನು ಬೇಕಾದರೂ ಎಳೆಯುತ್ತದೆ" ಎಂದು ಮಾರಾಟಗಾರ ಧೈರ್ಯವಾಗಿ ಹೇಳಿದ. ಡ್ರೈವರ್ ಸೀಟಿನ ಪಕ್ಕದಲ್ಲಿ ಅಂಟಿಸಿದ್ದ ಚೀಟಿ ಬೇರೆಯೇ ಹೇಳುತ್ತಿತ್ತು. ಅದರಲ್ಲಿ ಎರಡು ಅಂಕಿ ಮುಖ್ಯ. ಜಿವಿಡಬ್ಲ್ಯುಆರ್ ಎಂದರೆ ಗಾಡಿಯೊಂದೇ, ಸಾಮಾನು, ಜನ, ನೀರು, ಇಂಧನ ಎಲ್ಲ ಸೇರಿ ತೂಗಬಹುದಾದ ಮಿತಿ. ಜಿಸಿಡಬ್ಲ್ಯುಆರ್ ಎಂದರೆ ಹಿಂದಿನ ಕಾರೂ ಸೇರಿದ ಮಿತಿ. ಎರಡನೆಯದರಿಂದ ಗಾಡಿಯ ನಿಜವಾದ ತೂಕ ಕಳೆದರೆ ಉಳಿಯುವುದು ಎಳೆಯುವ ಪಾಲು. ಹಿಂದಿನ ಕೊಕ್ಕೆಯ, ಅಂದರೆ ಹಿಚ್ಚಿನ ಮೇಲೆ ಇನ್ನೊಂದು ಅಂಕಿ ಇರುತ್ತದೆ. ಈ ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮದು.

ಫೋರ್ಡ್ ಎಫ್-53ರಲ್ಲಿ 26,000 ಪೌಂಡಿನ ಒಂದು ನಮೂನೆಯಿದೆ, ಅದರ ಒಟ್ಟು ಮಿತಿ 30,000. ಗಾಡಿಯನ್ನು ಪೂರ್ತಿ ತುಂಬಿದರೆ ಹಿಂದೆ ಉಳಿಯುವುದು ನಾಲ್ಕೇ ಸಾವಿರ. ಕೊಕ್ಕೆಯ ಮೇಲೆ ಐದು ಸಾವಿರ ಎಂದು ಕೆತ್ತಿದ್ದರೂ ಅಷ್ಟೇ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಅಲ್ಲಿಗೇ ಹೊರಗೆ. ಡೀಸೆಲ್ ಪುಷರ್‌ಗಳಲ್ಲಿ ಹತ್ತು ಸಾವಿರ ಪೌಂಡಿನ ಕೊಕ್ಕೆ ಸಾಮಾನ್ಯ, ಮೇಲ್ದರ್ಜೆಯವುಗಳಲ್ಲಿ ಹದಿನೈದು, ಇಪ್ಪತ್ತು ಸಾವಿರವೂ ಉಂಟು. ಹಾಗೆಂದು ತುಂಬುವುದರಲ್ಲಿ ನಾವು ಕನ್ನಡಿಗರು ಕಡಿಮೆಯವರಲ್ಲ. ಸೋನಾ ಮಸೂರಿಯ ಇಪ್ಪತ್ತು ಪೌಂಡಿನ ಚೀಲಗಳು, ಕುಕ್ಕರು, ಮಿಕ್ಸಿ, ಊರಿಂದ ಬಂದ ಅತ್ತೆಯವರ ಒತ್ತಾಯಕ್ಕೆ ಕಲ್ಲಿನ ಗ್ರೈಂಡರು. ಇದೆಲ್ಲಕ್ಕಿಂತ ಭಾರವಾದದ್ದು ನೀರು: ಗ್ಯಾಲನ್ನಿಗೆ 8.3 ಪೌಂಡ್, ನೂರು ಗ್ಯಾಲನ್ನಿನ ಟ್ಯಾಂಕು ತುಂಬಿದರೆ 830. ಆದ್ದರಿಂದ ಊಹೆ ಬೇಡ. ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್, ಕಾರು, ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಕೆಲವೇ ಡಾಲರುಗಳ ಕೆಲಸ. ಪ್ರಯಾಣಕ್ಕೆ ಹೊರಡುವಂತೆಯೇ ಪೂರ್ತಿ ತುಂಬಿಸಿಕೊಂಡು ಹೋಗಿ ತೂಗಿಸಿ.

ಇನ್ನು ಹಿಂದಿನ ಕಾರು. ಎಲ್ಲ ಕಾರನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯಲು ಬರುವುದಿಲ್ಲ. ಎಂಜಿನ್ ನಿಂತಿದ್ದರೆ ಎಷ್ಟೋ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಒಳಗೆ ಎಣ್ಣೆ ಓಡಾಡದೆ ಅವು ಸುಟ್ಟುಹೋಗುತ್ತವೆ. ಹೋಂಡಾ ಸಿಆರ್-ವಿಯನ್ನು 2014ರ ಮಾಡೆಲ್‌ವರೆಗೆ ಎಳೆಯಬಹುದಿತ್ತು, ಸಿವಿಟಿ ಗೇರ್‌ಬಾಕ್ಸ್ ಬಂದ 2015ರಿಂದ ಆಗುವುದಿಲ್ಲ. ಹಳೆಯ ಸಿಆರ್-ವಿಗಳಿಗೆ ಆರ್‌ವಿ ಮಂದಿಯಲ್ಲಿ ಇನ್ನೂ ಬೇಡಿಕೆ ಇರುವುದು ಅದಕ್ಕೇ. ಕಾರಿನ ಮ್ಯಾನ್ಯುಯಲ್ಲಿನಲ್ಲಿ ಏನು ಬರೆದಿದೆಯೋ ಅದೇ ಕಟ್ಟಕಡೆಯ ಮಾತು.

ನಮ್ಮದು ರ‍್ಯಾಂಗ್ಲರ್. ಬೆಳಿಗ್ಗೆ ಹೊರಡುವ ಮುಂಚೆ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್ಲಿಗೆ ತಂದು, ಗೇರು ಪಾರ್ಕಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಇಳಿಯುತ್ತೇನೆ. ಎರಡೂ ಗಾಡಿಗಳನ್ನು ಜೋಡಿಸುವ ಟೋ ಬಾರಿನ ಎರಡು ತೋಳುಗಳಿಗೆ ಪಿನ್ನು, ಕೆಳಗೆ ಕತ್ತರಿಯಾಕಾರಕ್ಕೆ ಎರಡು ಉಕ್ಕಿನ ಹಗ್ಗ, ದೀಪಗಳ ವೈರು, ಕಾರು ಕಳಚಿಕೊಂಡರೆ ತಾನಾಗಿಯೇ ಬ್ರೇಕು ಹಿಡಿಯುವ ಸಣ್ಣ ತಂತಿ. ಆಮೇಲೆ ದೀಪಗಳ ಪರೀಕ್ಷೆ, ನಾನು ಸ್ಟಿಯರಿಂಗಿನಲ್ಲಿ, ಹೆಂಡತಿ ಹಿಂದೆ. "ಎಡಗಡೆ ಬಂತು ರೀ. ಬಲಗಡೆ ಬಂತು. ಬ್ರೇಕ್ ಒತ್ತಿ. ಇನ್ನೊಂದ್ಸಲ." ಕೊನೆಗೆ ಗಾಡಿಯನ್ನು ನಿಧಾನ ಮುಂದೆ ಬಿಡಬೇಕು, ತೋಳುಗಳು ಪೂರ್ತಿ ಚಾಚಿ ಟಕ್ ಟಕ್ ಎಂದು ಎರಡು ಸಲ ಸದ್ದಾದರೆ ಲಾಕ್ ಆಯಿತೆಂದು ಅರ್ಥ. ಜೀಪಿನ ನಾಲ್ಕೂ ಚಕ್ರ ಉರುಳುತ್ತಿವೆಯೇ ಎಂದು ನೋಡಿ ಅವಳು ಕೈ ಎತ್ತಿದಮೇಲಷ್ಟೇ ಹೊರಡುವುದು.

ಮೋಟರ್‌ಹೋಮಿನ ಬ್ರೇಕುಗಳನ್ನು ಅದರದೇ ತೂಕಕ್ಕೆಂದು ಮಾಡಿರುತ್ತಾರೆ. ಹಾಗಾಗಿ ಕಾರಿನಲ್ಲೂ ಬ್ರೇಕು ಕೆಲಸ ಮಾಡಬೇಕು. ಡೀಸೆಲ್ ಪುಷರ್‌ನಲ್ಲಿ ಹೇಗೂ ಏರ್ ಬ್ರೇಕ್ ಇರುವುದರಿಂದ ಆ ಗಾಳಿಯನ್ನೇ ಒಂದು ಪೈಪಿನಲ್ಲಿ ಕಾರಿಗೆ ಕಳಿಸಿ ಪೆಡಲು ಒತ್ತಿಸುವ ವ್ಯವಸ್ಥೆ ಸಿಗುತ್ತದೆ. ನಾನು ಮೆಚ್ಚುವುದು ಇದನ್ನೇ. ಕಾರಿನ ಪೆಡಲಿನ ಮುಂದೆ ಕೂರಿಸುವ ಪೆಟ್ಟಿಗೆಯಂಥವೂ ಇವೆ. ಅವನ್ನು ಎಕ್ಸಾಸ್ಟ್ ಬ್ರೇಕ್ ಹಾಕಿದಾಗಲೆಲ್ಲ ಕಾರಿನ ಬ್ರೇಕು ಕಚ್ಚಿಕೊಂಡೇ ಇರದಂತೆ ಹೊಂದಿಸಿಕೊಳ್ಳದಿದ್ದರೆ ಘಾಟಿ ಇಳಿಯುವಷ್ಟರಲ್ಲಿ ಕಾರಿನ ಚಕ್ರದಿಂದ ಹೊಗೆ ಬರುತ್ತದೆ. ಮತ್ತೊಂದು ಮಾತು, ಕಾರು ಕಟ್ಟಿಕೊಂಡು ರಿವರ್ಸ್ ಹೋಗುವಂತಿಲ್ಲ. ಕಾರಿನ ಮುಂದಿನ ಚಕ್ರಗಳು ಮನಸ್ಸಿಗೆ ಬಂದ ಕಡೆ ತಿರುಗಿ ಟೋ ಬಾರಿನ ತೋಳು ಸೊಟ್ಟಗಾಗುತ್ತದೆ. ಬಂಕಿಗೆ ನುಗ್ಗುವ ಮೊದಲೇ ಹೊರಬರುವ ದಾರಿ ಕಾಣುತ್ತಿರಬೇಕು. ನಮ್ಮ ಪ್ರಯಾಣದಲ್ಲಿ ಗಂಡಹೆಂಡಿರ ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ, ಪೆಟ್ರೋಲ್ ಬಂಕಿನ ಬಾಗಿಲಲ್ಲಿ.

ಖರ್ಚಿನ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಗ್ಯಾಲನ್ನಿಗೆ ಏಳರಿಂದ ಹತ್ತು ಮೈಲಿ. ಟ್ಯಾಂಕು ನೂರು ಗ್ಯಾಲನ್ ಅಥವಾ ಹೆಚ್ಚು. ಆದರೆ ಇಂಧನಕ್ಕಿಂತ ಹೆಚ್ಚು ಕಾಡುವುದು ನಿಂತ ಗಾಡಿ. ಓಡಿದರೆ ಡೀಸೆಲ್ ಎಂಜಿನ್ ಲಕ್ಷಾಂತರ ಮೈಲಿ ಬಾಳುತ್ತದೆ. ವರ್ಷದ ಹತ್ತು ತಿಂಗಳು ಶೆಡ್ಡಿನಲ್ಲಿ ನಿಂತರೆ ಟ್ಯಾಂಕಿನಲ್ಲಿ ಪಾಚಿಯಂಥ ಕೊಳೆ ಕಟ್ಟುತ್ತದೆ, ಬ್ಯಾಟರಿ ಸಾಯುತ್ತದೆ, ತಿಂಗಳಿಗೊಮ್ಮೆ ಲೋಡು ಕೊಟ್ಟು ಓಡಿಸದ ಜನರೇಟರು ಮುನಿಸಿಕೊಳ್ಳುತ್ತದೆ. ಟೈರುಗಳು ಸವೆದು ಹಾಳಾಗುವುದಿಲ್ಲ, ಮುದಿಯಾಗಿ ಹಾಳಾಗುತ್ತವೆ. ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷವಾದರೆ, ಗಾಡಿ ಎಷ್ಟೇ ಹೊಳೆಯುತ್ತಿರಲಿ, ಬದಲಿಸಬೇಕು.

2010ರ ನಂತರದ ಎಂಜಿನ್ನುಗಳಿಗೆ ಡೆಫ್ ಎಂಬ ಯೂರಿಯಾ ದ್ರಾವಣವೂ ಬೇಕು. ಬಿಎಸ್-6 ಬಂದಮೇಲೆ ನಮ್ಮೂರ ಲಾರಿಯವರು ಆ್ಯಡ್‌ಬ್ಲೂ ಎಂದು ಕೊಳ್ಳುತ್ತಾರಲ್ಲ, ಅದೇ. ದ್ರಾವಣ ಅಗ್ಗ; ಅದರ ಸೆನ್ಸರು ಕೆಟ್ಟರೆ ಮಾತ್ರ ಫಜೀತಿ. ಎಚ್ಚರಿಕೆಯ ದೀಪ ಬಂದು, ಕೊನೆಗೆ ಗಾಡಿಯ ವೇಗ ಗಂಟೆಗೆ ಐದು ಮೈಲಿಗೆ ಇಳಿದುಬಿಡಬಹುದು. ಇದಕ್ಕೆ ಹೆದರಿ 2010ಕ್ಕೂ ಹಿಂದಿನ ಗಾಡಿಗಳನ್ನೇ ಹುಡುಕುವವರಿದ್ದಾರೆ. ಅವರ ಭಯ ಅರ್ಥವಾಗುತ್ತದೆ, ಆದರೆ ಹದಿನೈದು ವರ್ಷ ದಾಟಿದ ಗಾಡಿಯ ಚಾವಣಿ, ರಬ್ಬರು, ರೇಡಿಯೇಟರುಗಳ ಕಾಟ ಒಂದು ಸೆನ್ಸರಿನ ಕಾಟಕ್ಕಿಂತ ಕಡಿಮೆಯದೇನಲ್ಲ.

ಹೊಸದನ್ನು ಕೊಳ್ಳಲು ಮೂರು ಲಕ್ಷ ಡಾಲರ್ ದಾಟಬೇಕು, ಮೊದಲ ಕೆಲವು ವರ್ಷಗಳಲ್ಲೇ ಬೆಲೆ ಜರ್ರನೆ ಇಳಿಯುತ್ತದೆ. ಆ ಇಳಿತವನ್ನು ಬೇರೆಯವರು ಅನುಭವಿಸಲಿ. ಎಂಟು ಹತ್ತು ವರ್ಷದ, ಸರ್ವಿಸಿನ ರಸೀದಿಗಳನ್ನು ಫೈಲು ಮಾಡಿಟ್ಟ ಮಾಲೀಕರ ಗಾಡಿ ಹುಡುಕಿ. ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ, ಮೊದಲ ಸ್ಟಾರ್ಟಿನಲ್ಲಿ ಬರುವ ಹೊಗೆ ಬಹಳ ಮಾತಾಡುತ್ತದೆ. ಗಾಳಿಯ ಒತ್ತಡ ತುಂಬಿದಮೇಲೆ ಎಂಜಿನ್ ಆರಿಸಿ, ಮುಳ್ಳು ಎಷ್ಟು ಬೇಗ ಇಳಿಯುತ್ತದೆ ನೋಡಿ. ಎಂಜಿನ್, ಗೇರ್‌ಬಾಕ್ಸ್, ಜನರೇಟರಿನ ಎಣ್ಣೆಯ ಸ್ಯಾಂಪಲನ್ನು ಲ್ಯಾಬಿಗೆ ಕಳಿಸಿ. ಇದಕ್ಕೆ ಒಪ್ಪದ ಮಾಲೀಕರಿಗೆ ಅಲ್ಲಿಯೇ ನಮಸ್ಕಾರ ಹೇಳಿ ಬನ್ನಿ. ಕ್ಯಾಲಿಫೋರ್ನಿಯಾದವರು ಇನ್ನೊಂದು ನೆನಪಿಡಬೇಕು: ನಲವತ್ತು ಅಡಿ ಮೀರಿದ ಮೋಟರ್‌ಹೋಮಿಗೆ ಮಾಮೂಲಿ ಲೈಸೆನ್ಸ್ ಸಾಲದು, ನಾನ್‌ಕಮರ್ಷಿಯಲ್ ಕ್ಲಾಸ್ ಬಿ ಬೇಕು.

ಟೆಕ್ಸಸ್ಸಿನ ಬಯಲಲ್ಲೋ ಫ್ಲಾರಿಡಾದಲ್ಲೋ ಓಡಾಡುವವರಿಗೆ, ಹಿಂದೆ ಹಗುರ ಕಾರು ಸಾಕೆನ್ನುವವರಿಗೆ, ವರ್ಷಕ್ಕೆ ಎರಡು ವಾರ ಮಾತ್ರ ಬಿಡುವಿರುವವರಿಗೆ ಡೀಸೆಲ್ ಬೇಡ ಎಂದೇ ನನ್ನ ಸಲಹೆ. ಎರಡು ವಾರದವರಿಗೆ ಗಾಡಿಯೇ ಬೇಡ, ಬಾಡಿಗೆಗೆ ತೆಗೆದುಕೊಳ್ಳಲಿ. ಬೆಟ್ಟದ ಸೀಮೆಯಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಮಾತ್ರ ಕಣ್ಣುಮುಚ್ಚಿ ಹೌದು ಎನ್ನುತ್ತೇನೆ.

ಬೇ ಏರಿಯಾದಿಂದ ಬರುವ ಪತ್ರಗಳಲ್ಲಿ ತಪ್ಪದೆ ಇರುವ ಮತ್ತೊಂದು ಪ್ರಶ್ನೆ: ಟೆಸ್ಲಾವನ್ನು ಎಳೆಯಬಹುದಾ? ಚಕ್ರ ನೆಲಕ್ಕೆ ತಾಗಿಸಿ ಆಗುವುದಿಲ್ಲ; ನಾಲ್ಕೂ ಚಕ್ರ ಮೇಲಿರಬೇಕು, ಅಂದರೆ ಟ್ರೈಲರ್ ಬೇಕು. ಮಾಡೆಲ್ ವೈ ಸುಮಾರು 4,400 ಪೌಂಡ್, ಟ್ರೈಲರ್ ಎರಡು ಸಾವಿರದ ಹತ್ತಿರ. ಹತ್ತು ಸಾವಿರದ ಕೊಕ್ಕೆಯಿರುವ, ಜಿಸಿಡಬ್ಲ್ಯುಆರ್‌ನಲ್ಲೂ ಅಷ್ಟು ಜಾಗ ಉಳಿದಿರುವ ಡೀಸೆಲ್ಲಿಗೆ ತೂಕ ತೊಂದರೆಯಿಲ್ಲ. ತೊಂದರೆ ಉದ್ದದ್ದು. ಕ್ಯಾಲಿಫೋರ್ನಿಯಾದಲ್ಲಿ ಗಾಡಿ, ಟ್ರೈಲರ್ ಎರಡೂ ಸೇರಿ 65 ಅಡಿ ದಾಟುವಂತಿಲ್ಲ. ನಲವತ್ತು ಅಡಿಯ ಮನೆಗೆ ಇಪ್ಪತ್ತನಾಲ್ಕು ಅಡಿಯ ಟ್ರೈಲರ್ ಕಟ್ಟಿದರೆ ಉಳಿಯುವುದು ಒಂದಡಿ. ಟ್ರೈಲರಿನ ಅಡ್ವಾನ್ಸ್ ಕೊಡುವ ಮೊದಲು ಮೂತಿಯ ಕಬ್ಬಿಣವನ್ನೂ ಸೇರಿಸಿ ಟೇಪು ಹಿಡಿದು ಅಳೆಯಿರಿ. ಕಂಪನಿಯವರು ಎಷ್ಟೋ ಸಲ ಕಾರು ನಿಲ್ಲುವ ಹಲಗೆಯ ಉದ್ದವನ್ನಷ್ಟೇ ಹೇಳಿರುತ್ತಾರೆ.